ಸಂತಾನ, ವಯಸ್ಸು, ಹಾರ್ಮೋನು: ಇಬ್ಬರಿಗೂ ಸೇರಿದ ಮಾತು

ಹಾರ್ಮೋನು ಎಂಬ ಶಬ್ದ ನಮ್ಮ ಸೀಮೆಯ ರೈತಾಪಿ ಜನರಿಗೆ ಅಪರಿಚಿತವಾದುದಲ್ಲ. ಚಿಕ್ಕಬಳ್ಳಾಪುರದ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಗೊಂಚಲನ್ನು ಜಿ.ಎ. ದ್ರಾವಣದಲ್ಲಿ ಅದ್ದುವವರು ಬಳಸುವುದು ಸಸ್ಯದ ಹಾರ್ಮೋನನ್ನು. ಶಿಡ್ಲಘಟ್ಟ, ಚಿಂತಾಮಣಿಗಳ ರೇಷ್ಮೆ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಹುಳು ಹಣ್ಣಾಗತೊಡಗಿದಾಗ, ಉಳಿದವೂ ಒಟ್ಟಿಗೆ ಹಣ್ಣಾಗಿ ಚಂದ್ರಿಕೆ ಏರಲೆಂದು ಸೊಪ್ಪಿನ ಮೇಲೆ ಚಿಮುಕಿಸುವ ‘ಸಂಪೂರ್ಣ’ವೂ ಹಾರ್ಮೋನೇ, ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರು ಅದನ್ನು ಗಿಡಮೂಲದಿಂದ ಸಿದ್ಧಪಡಿಸಿದರು. ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಯಾವ ಹೊತ್ತಿನಲ್ಲಿ ಕೊಡಬೇಕು ಎಂಬುದನ್ನು ನಮ್ಮ ರೈತರು ನಿಖರವಾಗಿ ಬಲ್ಲರು. ಆದರೆ ಇದೇ ಶಬ್ದ ಮನುಷ್ಯರ ಸಂತಾನದ ವಿಷಯದಲ್ಲಿ ಬಂದೊಡನೆ ನಮ್ಮ ಮನೆಗಳಲ್ಲಿ ದನಿ ತಗ್ಗುತ್ತದೆ. ಅದು ಹೆಂಗಸರ ಮಾತಾಗುತ್ತದೆ. ಅದರಲ್ಲೂ ಸೊಸೆಯೊಬ್ಬಳ ಮಾತಾಗಿಬಿಡುತ್ತದೆ.

ಈ ಎರಡು ಲೋಕಗಳು ದೂರದವೇನಲ್ಲ. ಅಡಾಲ್ಫ್ ಬುಟೆನಾಂಟ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು 1929ರಲ್ಲಿ ಗರ್ಭಿಣಿಯರ ಮೂತ್ರದಿಂದ ಈಸ್ಟ್ರೋನ್ ಎಂಬ ಸ್ತ್ರೀ ಹಾರ್ಮೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1931ರಲ್ಲಿ ಸಾವಿರಾರು ಲೀಟರ್ ಗಂಡಸರ ಮೂತ್ರವನ್ನು ಸಂಗ್ರಹಿಸಿ ಕೆಲವೇ ಮಿಲಿಗ್ರಾಂ ಪುರುಷ ಹಾರ್ಮೋನನ್ನು ಪಡೆದರು. 1939ರ ನೊಬೆಲ್ ಪಾರಿತೋಷಕ ಅವರಿಗೆ ಸಂದದ್ದು ಈ ಕೆಲಸಕ್ಕಾಗಿ. ಅದೇ ವಿಜ್ಞಾನಿಯೇ ಮುಂದೆ ರೇಷ್ಮೆ ಹುಳುವಿನತ್ತ ತಿರುಗಿದರು. 1954ರಲ್ಲಿ ಪೀಟರ್ ಕಾರ್ಲ್ಸನ್ ಅವರೊಡನೆ 500 ಕಿಲೋ ಪ್ಯೂಪಾಗಳಿಂದ 25 ಮಿಲಿಗ್ರಾಂ ಎಕ್ಡೈಸೋನ್ ಎಂಬ ಹಾರ್ಮೋನನ್ನು ತೆಗೆದರು. ನಮ್ಮ ‘ಸಂಪೂರ್ಣ’ ಇದೇ ವಂಶದ್ದು. 1959ರಲ್ಲಿ ಐದು ಲಕ್ಷ ಹೆಣ್ಣು ಚಿಟ್ಟೆಗಳಿಂದ, ಗಂಡು ಚಿಟ್ಟೆಯನ್ನು ಕರೆಯುವ ವಾಸನೆಯ ವಸ್ತುವನ್ನು ಬೇರ್ಪಡಿಸಿ ಬಾಂಬಿಕೋಲ್ ಎಂದು ಹೆಸರಿಟ್ಟರು. ಹುಳುವಿನಲ್ಲಾಗಲಿ ಮನುಷ್ಯನಲ್ಲಾಗಲಿ, ರಕ್ತದಲ್ಲಿ ಅಣುಮಾತ್ರವಾಗಿ ಹರಿದು ದೂರದ ಅಂಗವೊಂದಕ್ಕೆ ‘ಈಗ ಮಾಡು, ಈಗ ನಿಲ್ಲಿಸು’ ಎಂದು ಹೇಳುವ ದೂತನೇ ಹಾರ್ಮೋನು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಕಂಡವರೆಲ್ಲ ಬಿತ್ತನೆ ಕೋಠಿಯ ಒಳಗನ್ನು ಕಂಡಿರಲಾರರು. ಅಲ್ಲಿ ಬೆಳಗಿನ ಹೊತ್ತು ಗೂಡು ಸೀಳಿ ಹೊರಬಂದ ಚಿಟ್ಟೆಗಳನ್ನು ಜೊತೆಗೂಡಿಸಿ, ಕೆಲವು ಗಂಟೆಗಳ ನಂತರ ಬೇರ್ಪಡಿಸುತ್ತಾರೆ. ಹೆಣ್ಣು ನಾಲ್ಕೈದು ನೂರು ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆ. ಇಟ್ಟ ಮೊಟ್ಟೆ ಮರಿಯಾಗದಿದ್ದರೆ ಅಲ್ಲಿನ ನುರಿತವರು ಹೆಣ್ಣು ಚಿಟ್ಟೆಯೊಂದನ್ನೇ ದೂರುವುದಿಲ್ಲ. ಪ್ಯೂಪಾ ಹಂತದಲ್ಲಿ ಕೋಣೆಯ ಬಿಸಿ ಮಿತಿಮೀರಿದರೆ ಗಂಡು ಚಿಟ್ಟೆ ನಿರ್ವೀರ್ಯವಾಗುವುದುಂಟು. ಒಂದೇ ಗಂಡನ್ನು ಮತ್ತೆ ಮತ್ತೆ ಜೊತೆಗೂಡಿಸಿದರೆ ಅದರ ಶಕ್ತಿ ಕುಂದುತ್ತದೆ. ಆದುದರಿಂದ ಅವರು ಎರಡನ್ನೂ ನೋಡುತ್ತಾರೆ. ಹುಳುವಿನ ವಿಷಯದಲ್ಲಿ ಇಷ್ಟು ನ್ಯಾಯ ತಿಳಿದಿರುವ ನಾವು ಮನೆಯ ಸೊಸೆಯ ವಿಷಯದಲ್ಲಿ ಅದನ್ನು ಮರೆಯುವುದೇಕೆ?

ಮದುವೆಯಾಗಿ ಆರು ತಿಂಗಳಾಗುವುದರೊಳಗೆ ಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದ ಹುಡುಗಿಯನ್ನು ‘ಏನಮ್ಮಾ, ವಿಶೇಷ ಏನಾದರೂ ಉಂಟೋ?’ ಎಂದು ಕೇಳುವವರು ನಮ್ಮಲ್ಲಿ ಹಲವರು. ಅವಳ ಗಂಡನನ್ನು ಹಾಗೆ ಕೇಳುವವರು ಯಾರೂ ಇಲ್ಲ. ವರ್ಷ ಎರಡಾದರೆ ಅತ್ತೆಯೋ ತಾಯಿಯೋ ಅವಳನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತಾರೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಮಾತ್ರೆ. ಒಬ್ಬ ವೈದ್ಯರು ಸರಿಹೋಗಲಿಲ್ಲವೆಂದು ಮತ್ತೊಬ್ಬರು, ಚಿಂತಾಮಣಿ ಸಾಲದೆಂದು ಬೆಂಗಳೂರು. ‘ನಿಮ್ಮ ಯಜಮಾನರನ್ನೂ ಕರೆದುಕೊಂಡು ಬನ್ನಿ’ ಎಂದು ವೈದ್ಯರು ಹೇಳಿದರೆ, ‘ಅವರಿಗೆ ರಜೆ ಇಲ್ಲ ಡಾಕ್ಟ್ರೇ’ ಎಂಬ ಉತ್ತರ. ಹೀಗೆ ನಾಲ್ಕೈದು ವರ್ಷ ಕಳೆಯುತ್ತವೆ. ಕಳೆಯುವ ಆ ನಾಲ್ಕೈದು ವರ್ಷಗಳೇ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ನಷ್ಟವೆಂಬುದನ್ನು ಹೇಳಲೆಂದೇ ನಾವು ಈ ವಾರ ಇದನ್ನು ಬರೆಯಹೊರಟಿದ್ದೇವೆ.

ಸ್ತ್ರೀಯ ದೇಹದ ಲೆಕ್ಕ ಬೇರೆಯೇ ಬಗೆಯದು. ಹೆಣ್ಣುಮಗು ತಾಯಿಯ ಗರ್ಭದಲ್ಲಿ ಐದು ತಿಂಗಳದ್ದಾಗಿರುವಾಗಲೇ ಅದರ ಅಂಡಾಶಯಗಳಲ್ಲಿ ಅರವತ್ತು ಎಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ಹೊತ್ತಿಗೆ ಅವು ಹತ್ತಿಪ್ಪತ್ತು ಲಕ್ಷಕ್ಕೆ ಇಳಿದಿರುತ್ತವೆ. ಮೈನೆರೆಯುವಾಗ ಉಳಿದಿರುವುದು ಮೂರು ನಾಲ್ಕು ಲಕ್ಷ. ಇಡೀ ಜೀವಮಾನದಲ್ಲಿ ಪಕ್ವವಾಗಿ ಹೊರಬೀಳುವುದು ನಾನೂರು ಐನೂರು ಮಾತ್ರ, ಮಿಕ್ಕವು ತಾವಾಗಿಯೇ ಕರಗಿಹೋಗುತ್ತವೆ. ಹೊಸದಾಗಿ ಹುಟ್ಟುವುದೆಂಬುದಿಲ್ಲ. ಮೂವತ್ತೇಳು ಮೂವತ್ತೆಂಟರ ವಯಸ್ಸಿಗೆ ಸುಮಾರು ಇಪ್ಪತ್ತೈದು ಸಾವಿರ ಉಳಿದಿರುತ್ತವೆ. ಅಲ್ಲಿಂದ ಮುಂದೆ ಇಳಿತ ತೀವ್ರವಾಗುತ್ತದೆ. ಇದು ಕಣಜದಲ್ಲಿಟ್ಟ ರಾಗಿಯ ಲೆಕ್ಕ: ತುಂಬುವುದು ಒಮ್ಮೆ, ಆಮೇಲೆ ತೆಗೆಯುವುದಷ್ಟೆ. ಅದೂ ಸಾಲದೆಂಬಂತೆ ಕಣಜದಲ್ಲಿ ಉಳಿದ ಕಾಳಿಗೂ ವಯಸ್ಸಾಗುತ್ತದೆ. ನಲವತ್ತರ ತಾಯಿಯ ಅಂಡಾಣುವಿನ ವಯಸ್ಸೂ ನಲವತ್ತೇ. ವರ್ಣತಂತುಗಳು ಸರಿಯಾಗಿ ಬೇರ್ಪಡದೆ ಹೋಗುವ ಸಂಭವ ಹೆಚ್ಚುವುದು ಈ ಕಾರಣದಿಂದ.

ಇಪ್ಪತ್ತರ ಹರೆಯದ ಆರೋಗ್ಯವಂತ ದಂಪತಿಗಳಲ್ಲಿ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಇಪ್ಪತ್ತು ಇಪ್ಪತ್ತೈದು. ಇಷ್ಟೇ ಎಂಬುದನ್ನು ತಿಳಿದರೆ, ಮೂರು ತಿಂಗಳಿಗೇ ಕಂಗೆಡುವ ಹೊಸ ದಂಪತಿಗಳಿಗೂ ಅವರ ಮನೆಯವರಿಗೂ ಸಮಾಧಾನವಾದೀತು. ನಲವತ್ತರ ಹೊತ್ತಿಗೆ ಈ ಸಂಖ್ಯೆ ನೂರಕ್ಕೆ ಐದರ ಆಸುಪಾಸಿಗೆ ಬಂದಿರುತ್ತದೆ. ನಿಂತ ಗರ್ಭ ಜಾರಿಹೋಗುವುದು ಮೂವತ್ತರೊಳಗೆ ಹತ್ತರಲ್ಲಿ ಒಂದಾದರೆ, ನಲವತ್ತು ದಾಟಿದ ಮೇಲೆ ಮೂರರಲ್ಲಿ ಒಂದಕ್ಕೂ ಹೆಚ್ಚು. ಡೌನ್ ಸಿಂಡ್ರೋಮ್ ಉಳ್ಳ ಮಗು ಜನಿಸುವ ಸಂಭವ ಇಪ್ಪತ್ತೈದರ ತಾಯಿಗೆ ಸುಮಾರು ಸಾವಿರದ ಇನ್ನೂರರಲ್ಲಿ ಒಂದು, ಮೂವತ್ತೈದರಲ್ಲಿ ಮುನ್ನೂರೈವತ್ತರಲ್ಲಿ ಒಂದು, ನಲವತ್ತರಲ್ಲಿ ನೂರರಲ್ಲಿ ಒಂದು. ನಮ್ಮ ದೇಶದ ಸ್ತ್ರೀಯರಿಗೆ ಮುಟ್ಟು ನಿಲ್ಲುವುದು ಸರಾಸರಿ ನಲವತ್ತಾರು ನಲವತ್ತೇಳರಲ್ಲಿ. ಪಾಶ್ಚಾತ್ಯ ದೇಶಗಳಲ್ಲಿ ಐವತ್ತೊಂದರ ಸುಮಾರಿಗೆ. ಬೀಡಿ ಸಿಗರೇಟಿನ ಹೊಗೆ ಆ ದಿನವನ್ನು ಇನ್ನೂ ಒಂದೆರಡು ವರ್ಷ ಹಿಂದಕ್ಕೆಳೆಯುತ್ತದೆ. ಅಮೆರಿಕದ ಪುಸ್ತಕದಲ್ಲಿ ಕಂಡ ವಯಸ್ಸಿನ ಲೆಕ್ಕವನ್ನು ನಮ್ಮ ಹೆಣ್ಣುಮಕ್ಕಳಿಗೆ ಹಾಗೆಯೇ ಅನ್ವಯಿಸಿ ನೆಮ್ಮದಿಯಿಂದ ಕುಳಿತುಕೊಳ್ಳಲಾಗದು.

ಈ ಕಣಜದ ಬಾಗಿಲ ಕೀಲಿ ಇರುವುದು ಮಿದುಳಿನಲ್ಲಿ. ಮಿದುಳಿನ ತಳದ ಹೈಪೋಥಲಾಮಸ್ ಗಂಟೆ ಬಾರಿಸಿದಂತೆ ಬಿಟ್ಟು ಬಿಟ್ಟು ಒಂದು ಸಂದೇಶವನ್ನು ಕಳುಹಿಸುತ್ತದೆ. ಆ ಸಂದೇಶದ ರಾಸಾಯನಿಕ ರೂಪವನ್ನು ಬಿಡಿಸಿದ ರೋಜರ್ ಗಿಯ್ಮೆ ಮತ್ತು ಆಂಡ್ರ್ಯೂ ಶಾಲಿ ಅವರಿಗೆ 1977ರಲ್ಲಿ ನೊಬೆಲ್ ಬಂದಿತು. ಸಂದೇಶ ತಲುಪಿದ ಪಿಟ್ಯುಟರಿ ಗ್ರಂಥಿ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಇವುಗಳ ಅಪ್ಪಣೆಯಂತೆ ಅಂಡಾಶಯದಲ್ಲಿ ಅಂಡಾಣು ಬಲಿಯುತ್ತದೆ, ಈಸ್ಟ್ರೋಜೆನ್ ಏರುತ್ತದೆ, ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರೋನ್ ಗರ್ಭಕೋಶದ ಒಳಪದರವನ್ನು ಹದಗೊಳಿಸುತ್ತದೆ. ವಯಸ್ಸಾದಂತೆ ಅಂಡಾಶಯದ ಉತ್ತರ ಕ್ಷೀಣಿಸಿದಾಗ, ಕಿವಿ ಮಂದವಾದ ಅಜ್ಜನ ಮನೆಯಲ್ಲಿ ಎಲ್ಲರ ದನಿ ಏರುವಂತೆ ಪಿಟ್ಯುಟರಿಯ ದನಿ ಏರುತ್ತದೆ. ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ರಕ್ತದಲ್ಲಿ ಎಫ್.ಎಸ್.ಎಚ್. ಹೆಚ್ಚಾಗಿ ಕಂಡರೆ ವೈದ್ಯರು ಗಂಭೀರರಾಗುವುದು ಇದಕ್ಕೇ. ಎ.ಎಂ.ಎಚ್. ಎಂಬ ಮತ್ತೊಂದು ಪರೀಕ್ಷೆಯನ್ನು ಈಗ ಎಲ್ಲೆಡೆ ಬರೆದುಕೊಡುತ್ತಾರೆ. ಅದು ಉಳಿದಿರುವ ಅಂಡಾಣುಗಳ ಸಂಖ್ಯೆಯನ್ನು ಅಂದಾಜಿಸುತ್ತದೆಯೇ ಹೊರತು ಗುಣವನ್ನಲ್ಲ. ಎ.ಎಂ.ಎಚ್. ಕಡಿಮೆಯೆಂದ ಮಾತ್ರಕ್ಕೆ ಗರ್ಭ ನಿಲ್ಲದೆಂದು ತೀರ್ಮಾನಿಸಿ ಅಳುತ್ತ ಕುಳಿತುಕೊಳ್ಳಬೇಕಾಗಿಲ್ಲ.

ವಯಸ್ಸು ಚಿಕ್ಕದಿದ್ದೂ ಹಾರ್ಮೋನುಗಳ ತಾಳ ತಪ್ಪುವುದುಂಟು. ಥೈರಾಯ್ಡ್ ಮಂದವಾದರೆ, ಪ್ರೊಲ್ಯಾಕ್ಟಿನ್ ಏರಿದರೆ ಅಂಡಾಣು ಬಿಡುಗಡೆಯೇ ನಿಲ್ಲಬಹುದು. ಎರಡಕ್ಕೂ ಮಾತ್ರೆಗಳಿವೆ, ಎರಡೂ ಸಾಮಾನ್ಯ ರಕ್ತಪರೀಕ್ಷೆಯಲ್ಲಿ ತಿಳಿಯುವಂಥವು. ಪಿ.ಸಿ.ಓ.ಡಿ. ಎಂದು ಇಂದು ಕಾಲೇಜು ಹುಡುಗಿಯರ ಬಾಯಲ್ಲೂ ಕೇಳಿಬರುವ ತೊಂದರೆ ಹೊಸದೇನಲ್ಲ. 1935ರಲ್ಲೇ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಅದನ್ನು ವರ್ಣಿಸಿದ್ದರು. ಅದರಲ್ಲಿ ಪುರುಷ ಹಾರ್ಮೋನು ಹೆಚ್ಚಿ, ಇನ್ಸುಲಿನ್ನಿನ ಕೆಲಸ ಕೆಟ್ಟು, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವಂತಾಗುತ್ತದೆ. ಮೈತೂಕ ಹೆಚ್ಚಿದ್ದವರು ಅದರಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟನ್ನು ಇಳಿಸಿದರೆ ಅನೇಕರಲ್ಲಿ ಋತುಚಕ್ರ ತಾನಾಗಿಯೇ ಹದಕ್ಕೆ ಬರುತ್ತದೆ. ‘ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎಂದು ಹಿರಿಯ ಹೆಂಗಸರು ಹೇಳುವ ಸಮಾಧಾನ ಮಾತ್ರ ಔಷಧವಲ್ಲ. ಹಾರ್ಮೋನಿಗೆ ಸಂಬಂಧಿಸದಿದ್ದರೂ ನಮ್ಮ ದೇಶದಲ್ಲಿ ಮರೆಯಲಾಗದ ಕಾರಣವೊಂದುಂಟು: ಗರ್ಭನಾಳಕ್ಕೆ ತಗುಲುವ ಕ್ಷಯ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ನಾಳವನ್ನು ಮುಚ್ಚಿಬಿಡಬಲ್ಲದು.

ಇನ್ನು ಗಂಡಸಿನ ಕಡೆ.

ಪುರುಷನಲ್ಲಿ ಲೆಕ್ಕ ಕಣಜದ್ದಲ್ಲ, ಊಟೆಯದು. ಹರೆಯದಿಂದ ಮುಪ್ಪಿನವರೆಗೆ ವೀರ್ಯಾಣುಗಳು ದಿನವೂ ಕೋಟಿಗಟ್ಟಲೆ ಹೊಸದಾಗಿ ಹುಟ್ಟುತ್ತಿರುತ್ತವೆ. ಒಂದು ವೀರ್ಯಾಣು ಸಿದ್ಧವಾಗಲು ಎಪ್ಪತ್ತು ಎಪ್ಪತ್ತೈದು ದಿನ ಬೇಕು. ಗಂಡಸಿಗೆ ವಯಸ್ಸಿನ ಹಂಗಿಲ್ಲವೆಂಬ ನಂಬಿಕೆ ಬೆಳೆದದ್ದು ಇದರಿಂದ. ಆ ನಂಬಿಕೆ ಅರ್ಧ ಸತ್ಯ. ಮೂವತ್ತು ನಲವತ್ತರ ನಂತರ ಟೆಸ್ಟೋಸ್ಟೆರಾನ್ ವರ್ಷಕ್ಕೆ ನೂರಕ್ಕೆ ಒಂದರಷ್ಟು ಇಳಿಯುತ್ತ ಬರುತ್ತದೆ. ನಲವತ್ತೈದರ ಹೊತ್ತಿಗೆ ವೀರ್ಯಾಣುಗಳ ಚಲನೆ ಕುಂದುತ್ತದೆ, ಅವುಗಳೊಳಗಿನ ಡಿ.ಎನ್.ಎ. ಮುರಿಯುವುದು ಹೆಚ್ಚುತ್ತದೆ. ಐಸ್‌ಲೆಂಡಿನ ಕುಟುಂಬಗಳನ್ನು ಅಭ್ಯಸಿಸಿ 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿಗೆ ಹೋಗುವ ಹೊಸ ಬದಲಾವಣೆಗಳು ಸುಮಾರು ಎರಡರಂತೆ ಹೆಚ್ಚುವುದನ್ನು ತೋರಿಸಿತು. ನಲವತ್ತೆರಡರ ವರನಿಗೆ ಇಪ್ಪತ್ನಾಲ್ಕರ ಕನ್ಯೆಯನ್ನು ಹುಡುಕುವ ದಲ್ಲಾಳಿಗಳು ಅವಳ ವಯಸ್ಸನ್ನು ಮಾತ್ರ ಲೆಕ್ಕ ಹಾಕುತ್ತಾರೆ.

ಗಂಡಸಿನ ವೃಷಣಗಳನ್ನು ನಡೆಸುವುದೂ ಅದೇ ಎಫ್.ಎಸ್.ಎಚ್. ಮತ್ತು ಎಲ್.ಎಚ್. ಈ ಜ್ಞಾನಕ್ಕೆ ನಮ್ಮ ನೆರೆಯ ಬೆಂಗಳೂರಿನ ಕಾಣಿಕೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್.ಆರ್. ಮೌದ್ಗಲ್ ಮತ್ತು ಅವರ ಸಹೋದ್ಯೋಗಿಗಳು ಬಾನೆಟ್ ಕೋತಿಗಳ ಮೇಲೆ ದೀರ್ಘಕಾಲ ಪ್ರಯೋಗ ನಡೆಸಿ, ಎಫ್.ಎಸ್.ಎಚ್.ನ ಕೆಲಸವನ್ನು ತಡೆದರೆ ಗಂಡು ಕೋತಿಯಲ್ಲಿ ವೀರ್ಯಾಣುಗಳು ಕುಗ್ಗಿ ಸಂತಾನಶಕ್ತಿ ಇಲ್ಲವಾಗುವುದನ್ನು ತೋರಿಸಿದರು. ಬಾನೆಟ್ ಕೋತಿಯೆಂದರೆ ಬೇರಾವುದೂ ಅಲ್ಲ, ನಂದಿಬೆಟ್ಟದ ಮೇಲೆ ಪ್ರವಾಸಿಗರ ಕೈಯ ಬಾಳೆಹಣ್ಣನ್ನು ಕಸಿಯುವ ಜಾತಿಯೇ.

ಈ ಸೂಕ್ಷ್ಮವನ್ನು ಅರಿಯದೆ ನಮ್ಮ ಯುವಕರು ಮಾಡಿಕೊಳ್ಳುತ್ತಿರುವ ಅನಾಹುತವೊಂದಿದೆ. ವ್ಯಾಯಾಮಶಾಲೆಗಳಲ್ಲಿ ಮೈ ಬೆಳೆಸಲೆಂದೋ, ‘ಶಕ್ತಿ’ ಬರಲೆಂದೋ ಟೆಸ್ಟೋಸ್ಟೆರಾನ್ ಅಥವಾ ಅದರ ಜಾತಿಯ ಸ್ಟೀರಾಯ್ಡ್ ಚುಚ್ಚಿಸಿಕೊಳ್ಳುವವರಿದ್ದಾರೆ. ಹೊರಗಿನಿಂದ ಹಾರ್ಮೋನು ಬಂದು ತುಂಬಿದಾಗ ಮಿದುಳು ‘ಇನ್ನು ಸಾಕು’ ಎಂದು ಎಲ್.ಎಚ್. ಮತ್ತು ಎಫ್.ಎಸ್.ಎಚ್.ಗಳನ್ನು ನಿಲ್ಲಿಸಿಬಿಡುತ್ತದೆ. ತೋಳು ಉಬ್ಬುತ್ತದೆ, ವೃಷಣ ಸೊರಗುತ್ತದೆ, ವೀರ್ಯಾಣು ಪೂರ್ತಿಯಾಗಿ ಇಲ್ಲವಾಗುವುದೂ ಉಂಟು. ಚುಚ್ಚುಮದ್ದು ನಿಲ್ಲಿಸಿದರೆ ಬಹಳ ಮಂದಿಯಲ್ಲಿ ತಿಂಗಳುಗಳ ನಂತರ ಮರಳಿ ಬರುತ್ತದೆ. ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಸಂತಾನವಿಲ್ಲವೆಂದು ಬಂದವನಿಗೆ ಟೆಸ್ಟೋಸ್ಟೆರಾನ್ ಕೊಡುವುದು ಉರಿಯುವ ದೀಪಕ್ಕೆ ನೀರೆರೆದಂತೆ.

ಬಿಸಿಯ ಮಾತು ಮೊದಲೇ ಬಂದಿತಲ್ಲ. ವೃಷಣಗಳು ದೇಹದ ಹೊರಗೆ ಇರುವುದೇ ದೇಹದ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿರಲೆಂದು. ದಿನವಿಡೀ ಕುದಿಯುವ ಬೇಸಿನ್ನಿನ ಮುಂದೆ ರೇಷ್ಮೆ ನೂಲು ತೆಗೆಯುವವರು, ಬಾಯ್ಲರಿನ ಬಳಿ ದುಡಿಯುವವರು, ಬೇಕರಿಯ ಒಲೆಯ ಮುಂದಿನವರು ಇದನ್ನು ವೈದ್ಯರಿಗೆ ತಿಳಿಸಬೇಕು. ಬಿಸಿಯಿಂದ ದೂರವಾದ ಮೂರು ತಿಂಗಳಿಗೆ ಹೊಸ ವೀರ್ಯಾಣುಗಳ ತಲೆಮಾರು ಬಂದಿರುತ್ತದೆ. ಹೊಗೆಸೊಪ್ಪು, ಗುಟ್ಕಾ, ಮದ್ಯ ಇವುಗಳ ಬಗ್ಗೆ ಓದುಗರಿಗೆ ನಾವು ಹೇಳಬೇಕಾದುದಿಲ್ಲ. ಹರೆಯ ದಾಟಿದ ಮೇಲೆ ಗದ್ದಬಾವು ಬಂದು ವೃಷಣ ಊದಿಕೊಂಡಿದ್ದರೆ ಅದನ್ನು ನೆನಪಿಟ್ಟುಕೊಂಡು ಹೇಳುವುದು ಅವಶ್ಯ.

ತೋಟಗಳಿಗೆ ಔಷಧಿ ಹೊಡೆಯುವವರು ಕೇಳಬೇಕಾದ ಒಂದು ಹಳೆಯ ಪ್ರಸಂಗವಿದೆ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲಾಥ್ರೋಪ್ ಎಂಬಲ್ಲಿನ ಕೀಟನಾಶಕ ಕಾರ್ಖಾನೆಯ ಕಾರ್ಮಿಕರು, ತಮ್ಮಲ್ಲಿ ಅನೇಕರ ಹೆಂಡತಿಯರು ಬಸಿರಾಗುತ್ತಿಲ್ಲವೆಂಬುದನ್ನು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಗಮನಿಸಿದರು. ಪರೀಕ್ಷೆ ಮಾಡಿದಾಗ ಹಲವರಲ್ಲಿ ವೀರ್ಯಾಣುಗಳು ಅತಿ ಕಡಿಮೆ, ಕೆಲವರಲ್ಲಿ ಇಲ್ಲವೇ ಇಲ್ಲ. ಮಣ್ಣಿನ ಜಂತುಹುಳುಗಳಿಗಾಗಿ ತಯಾರಿಸುತ್ತಿದ್ದ ಡಿ.ಬಿ.ಸಿ.ಪಿ. ಎಂಬ ವಿಷವೇ ಕಾರಣವೆಂದು ತಿಳಿದು, 1979ರಲ್ಲಿ ಆ ದೇಶದಲ್ಲಿ ಅದರ ಬಳಕೆಯನ್ನು ಬಹುಮಟ್ಟಿಗೆ ನಿಷೇಧಿಸಿದರು. ಗಂಡಸರು ಗಂಡಸರೊಡನೆ ಬಾಯಿಬಿಟ್ಟು ಮಾತಾಡಿದ್ದರಿಂದ ಹೊರಬಿದ್ದ ಸತ್ಯವಿದು. ಅಲ್ಲಿಯವರೆಗೆ ಆ ಹೆಂಡತಿಯರಲ್ಲಿ ಎಷ್ಟು ಮಂದಿ ತಮ್ಮನ್ನೇ ಹಳಿದುಕೊಂಡಿದ್ದರೋ!

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಹೀಗಿದ್ದೂ ಎಲ್ಲ ಪರೀಕ್ಷೆಗಳಲ್ಲಿ ಅತ್ಯಂತ ಸುಲಭವಾದ, ಅಗ್ಗವಾದ, ಸೂಜಿಯ ನೋವೂ ಇಲ್ಲದ ವೀರ್ಯ ಪರೀಕ್ಷೆ ಕೊನೆಗೆ ನಡೆಯುತ್ತದೆ, ಇಲ್ಲವೇ ನಡೆಯುವುದೇ ಇಲ್ಲ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ನೂರಕ್ಕೆ 42 ಚಲಿಸುವಂಥವು ಇದ್ದರೆ ಅದು ಕೆಳಗಿನ ಗಡಿ. ಒಮ್ಮೆ ಕಡಿಮೆ ಬಂದರೆ ಎದೆಗುಂದದೆ ಕೆಲವು ವಾರಗಳ ನಂತರ ಮತ್ತೊಮ್ಮೆ ಮಾಡಿಸಬೇಕು. ಗಂಡಸುತನಕ್ಕೂ ಈ ಸಂಖ್ಯೆಗೂ ಯಾವ ಸಂಬಂಧವೂ ಇಲ್ಲ. ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದವನ ವೀರ್ಯದಲ್ಲಿ ಒಂದು ವೀರ್ಯಾಣುವೂ ಇಲ್ಲದಿರಬಹುದು.

ಎಷ್ಟು ದಿನ ಕಾಯಬೇಕು? ಹೆಂಡತಿಗೆ ಮೂವತ್ತೈದರೊಳಗಾದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು. ಅದೂ ಕೂಡಿ ಬಾಳಿದ ವರ್ಷ, ಕೂಡಿ ಬಾಳಿದ ತಿಂಗಳು. ನರ್ಸ್ ಆಗಿ ಕುವೈತಿನಲ್ಲಿರುವ ಹೆಂಡತಿ, ಊರಲ್ಲಿರುವ ಗಂಡ; ಅಥವಾ ದುಬೈಯಲ್ಲಿ ಗಂಡ, ಇಲ್ಲಿ ಹೆಂಡತಿ. ಮದುವೆಯಾಗಿ ಐದು ವರ್ಷವೆಂದು ಊರು ಲೆಕ್ಕ ಹಾಕುತ್ತದೆ, ಒಟ್ಟಿಗೆ ಕಳೆದದ್ದು ಐದು ತಿಂಗಳೂ ಇರುವುದಿಲ್ಲ. ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ಒಬ್ಬರಿಗೆ ರಾತ್ರಿ ಪಾಳಿ, ಒಬ್ಬರಿಗೆ ಹಗಲು ಪಾಳಿ ಎಂದಾದರೂ ಅದೇ ಕಥೆ. ಗರ್ಭ ನಿಲ್ಲಬಲ್ಲ ದಿನಗಳು ತಿಂಗಳಲ್ಲಿ ಆರೇ ಆರು: ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನಗಳು. ವೀರ್ಯಾಣು ಐದು ದಿನ ಬದುಕಬಲ್ಲದು, ಅಂಡಾಣುವಿನ ಆಯುಸ್ಸು ಒಂದು ದಿನದೊಳಗೆ. ಆಸ್ಟ್ರೇಲಿಯದ ವೈದ್ಯ ದಂಪತಿಗಳಾದ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ರೂಪಿಸಿದ ಕ್ರಮವನ್ನು ನಮ್ಮ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಮಕ್ಕಳ ನಡುವೆ ಅಂತರಕ್ಕಾಗಿ ಕಲಿಸುತ್ತಾರೆ. ಈಸ್ಟ್ರೋಜೆನ್ ಏರಿದಾಗ ಲೋಳೆ ತೆಳುವಾಗಿ, ಜಾರುವಂತಾಗುವುದನ್ನು ಹೆಣ್ಣು ತಾನೇ ಗುರುತಿಸುವ ಆ ಕ್ರಮ, ಮಗು ಬೇಕೆಂಬವರಿಗೂ ಅಷ್ಟೇ ಉಪಯುಕ್ತ. ಅದನ್ನು ಈ ದೃಷ್ಟಿಯಿಂದಲೂ ಕಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಗೌರಿಬಿದನೂರಿನಿಂದ ಅನತಿ ದೂರದ ವಿದುರಾಶ್ವತ್ಥದಲ್ಲಿ ಸಾವಿರಾರು ನಾಗರ ಕಲ್ಲುಗಳಿವೆ. ಅವುಗಳಲ್ಲಿ ಬಹುಪಾಲು ಸಂತಾನ ಬೇಡಿ ಬಂದ ದಂಪತಿಗಳು ತಲೆಮಾರುಗಳಿಂದ ನಿಲ್ಲಿಸಿದವು. ಹಾತೊರೆಯುವಿಕೆ ಎಷ್ಟು ದೊಡ್ಡದೆಂಬುದನ್ನು ಅಷ್ಟು ಸ್ಪಷ್ಟವಾಗಿ ಹೇಳುವ ಮತ್ತೊಂದು ಸ್ಥಳ ನಮ್ಮ ಜಿಲ್ಲೆಯಲ್ಲಿಲ್ಲ. ನಮ್ಮವರು ವೇಳಾಂಗಣ್ಣಿಗೆ ತೊಟ್ಟಿಲ ಹರಕೆ ಹೊರುತ್ತಾರೆ, ಗುರುವಾರಗಳಂದು ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋಗುತ್ತಾರೆ. ಹೋಗಲಿ, ಆದರೆ ಹರಕೆ ಹೊತ್ತ ವರ್ಷದಲ್ಲೇ ಪರೀಕ್ಷೆಯೂ ನಡೆಯಲಿ, ಮತ್ತು ಎರಡಕ್ಕೂ ಇಬ್ಬರೂ ಹೋಗಲಿ. ಲೂಕನ ಶುಭಸಂದೇಶದಲ್ಲಿ ದೂತನು ಬಂದಾಗ ಜಕರೀಯನು ಮೊದಲು ಹೇಳುವುದು ತನ್ನ ಮುಪ್ಪಿನ ಮಾತನ್ನು, ಆಮೇಲೆ ಎಲಿಜಬೇತಳದನ್ನು. ಬೈಬಲಿನಲ್ಲಿ ಸೇರದಿದ್ದರೂ ಪ್ರಾಚೀನವಾದ ಒಂದು ಗ್ರಂಥ, ಸಂತ ಅನ್ನಮ್ಮನವರ ಪತಿ ಜೋಕಿಮರು ಮಕ್ಕಳಿಲ್ಲವೆಂಬ ಕಾರಣಕ್ಕೆ ಕಾಣಿಕೆಯ ಸಾಲಿನಲ್ಲಿ ಅವಮಾನಿತರಾಗಿ ಮರುಭೂಮಿಗೆ ಹೋದುದನ್ನು ಹೇಳುತ್ತದೆ. ಜುಲೈ 26ರ ಹಬ್ಬ ಅವರಿಬ್ಬರದೂ.

ಧರ್ಮಸಭೆಯ ಕಾನೂನಿನ ಬಗ್ಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಕ್ಕಳಾಗದ ಹೆಂಡತಿಯನ್ನು ಬಿಡಬಹುದೆಂದು, ಆ ಮದುವೆ ಮದುವೆಯೇ ಅಲ್ಲವೆಂದು ಹೇಳುವವರನ್ನು ನಾವು ಕೇಳಿದ್ದೇವೆ. 1983ರ ಸಂಹಿತೆಯ 1084ನೆಯ ವಿಧಿ ಅದಕ್ಕೆ ನೇರ ವಿರುದ್ಧವಾಗಿದೆ: ಸಂತಾನಹೀನತೆ ವಿವಾಹಕ್ಕೆ ತಡೆಯೂ ಅಲ್ಲ, ಅದನ್ನು ಅಸಿಂಧುಗೊಳಿಸುವುದೂ ಇಲ್ಲ, ಸಂಗಾತಿಯನ್ನು ವಂಚಿಸಿ ಮುಚ್ಚಿಟ್ಟಿದ್ದರೆ ಆ ವಂಚನೆಯ ಪ್ರಶ್ನೆ ಬೇರೆ. ಚಿಕಿತ್ಸೆಯ ವಿಷಯದಲ್ಲಿ 1987ರ ‘ದೋನುಂ ವಿತೆ’ ಎಂಬ ಬೋಧನೆ ಗೆರೆಯೊಂದನ್ನು ಎಳೆದಿದೆ. ದಾಂಪತ್ಯಕ್ಕೆ ನೆರವಾಗುವ ಚಿಕಿತ್ಸೆ, ಅಂದರೆ ಥೈರಾಯ್ಡ್ ಮಾತ್ರೆ, ಅಂಡಾಣು ಬಲಿಸುವ ಔಷಧ, ಮುಚ್ಚಿದ ನಾಳದ ಶಸ್ತ್ರಚಿಕಿತ್ಸೆ, ವೃಷಣದ ಉಬ್ಬಿದ ರಕ್ತನಾಳಗಳ ದುರಸ್ತಿ, ಇವಕ್ಕೆ ಅಡ್ಡಿಯಿಲ್ಲ. ಪ್ರನಾಳ ಶಿಶುವಿನ ಮಾರ್ಗವನ್ನೂ ದಾನಿಗಳ ಅಂಡಾಣು ವೀರ್ಯಾಣುಗಳನ್ನೂ ಧರ್ಮಸಭೆ ಒಪ್ಪುವುದಿಲ್ಲ. ಒಪ್ಪಿತವಾದ ಚಿಕಿತ್ಸೆಗಳೆಲ್ಲ ವಯಸ್ಸು ಚಿಕ್ಕದಿರುವಾಗ ಫಲಿಸುವಂಥವು ಎಂಬುದನ್ನು ಗಮನಿಸಿದರೆ, ಬೇಗ ಹೋಗಬೇಕಾದ ಅಗತ್ಯ ನಮ್ಮವರಿಗೆ ಉಳಿದವರಿಗಿಂತ ಒಂದು ತೂಕ ಹೆಚ್ಚೇ.

ಪತ್ರಿಕೆಗಳ ತಲೆಬರಹಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಪಕ್ಕದ ಆಂಧ್ರದ ಗುಂಟೂರಿನಲ್ಲಿ 2019ರಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು ಅವಳಿ ಮಕ್ಕಳನ್ನು ಹೆತ್ತರೆಂದು ನಾಡೆಲ್ಲ ಓದಿತು. ‘ಎಪ್ಪತ್ತರಲ್ಲೂ ಆಗುತ್ತದೆ’ ಎಂದು ನೆಮ್ಮದಿಪಟ್ಟವರು, ಅಂಡಾಣು ಆಕೆಯದಲ್ಲ, ದಾನಿಯೊಬ್ಬಳದು ಎಂಬ ಸಾಲನ್ನು ಓದಿರಲಾರರು. ಗರ್ಭಕೋಶಕ್ಕೆ ಹೊರಗಿನ ಹಾರ್ಮೋನು ಕೊಟ್ಟು ಸಿದ್ಧಗೊಳಿಸಬಹುದು. ಅಂಡಾಣುವಿನ ವಯಸ್ಸನ್ನು ಹಿಂದಿರುಗಿಸುವ ಔಷಧ ಇನ್ನೂ ಹುಟ್ಟಿಲ್ಲ. ಆ ಪ್ರಸಂಗದ ನಂತರ ಬಂದ 2021ರ ಕಾಯ್ದೆ ಇಂಥ ಚಿಕಿತ್ಸೆಗೆ ಸ್ತ್ರೀಗೆ 21ರಿಂದ 50, ಪುರುಷನಿಗೆ 21ರಿಂದ 55 ಎಂದು ವಯೋಮಿತಿ ಗೊತ್ತುಮಾಡಿದೆ. ಗಂಡಸಿಗೂ ಮಿತಿಯೊಂದನ್ನು ಕಾನೂನು ಬರೆದದ್ದು ಗಮನಾರ್ಹ.

ಎಲ್ಲ ಮಾಡಿಯೂ ಮಗುವಾಗದ ಮನೆಗಳಿರುತ್ತವೆ. ಹಿಂದೆ ಕ್ರೈಸ್ತರಿಗೆ ದತ್ತಕದ ಕಾನೂನೇ ಇರಲಿಲ್ಲ. 1890ರ ಕಾಯ್ದೆಯಡಿ ಪಾಲಕರಾಗಬಹುದಿತ್ತು, ತಂದೆತಾಯಿಗಳಾಗಲು ಬರುತ್ತಿರಲಿಲ್ಲ. ಬಾಲನ್ಯಾಯ ಕಾಯ್ದೆಯಿಂದ ಆ ತಡೆ ಹೋಗಿದೆ. ಯಾವ ಧರ್ಮದವರಾದರೂ ಪೂರ್ಣ ದತ್ತು ಪಡೆಯಬಹುದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸ್ಪಷ್ಟಪಡಿಸಿತು. ಮದುವೆಯಾಗಿ ಎರಡು ವರ್ಷ ಸ್ಥಿರವಾದ ದಾಂಪತ್ಯ ನಡೆಸಿರಬೇಕು, ಇಬ್ಬರ ಒಪ್ಪಿಗೆಯೂ ಬೇಕು, ಕೇಂದ್ರದ ದತ್ತಕ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಹಸುಗೂಸಿಗಾಗಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ. 2022ರ ನಿಯಮದಂತೆ ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡಿರ ವಯಸ್ಸನ್ನು ಕೂಡಿಸಿದ ಮೊತ್ತ 85 ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90. ಗಂಡನಿಗೆ 44, ಹೆಂಡತಿಗೆ 40 ಆಗಿದ್ದರೆ ಮೊತ್ತ 84. ‘ಇನ್ನೊಂದು ವರ್ಷ ನೋಡೋಣ’ ಎಂದು ಬಿಟ್ಟರೆ ಇಬ್ಬರಿಗೂ ಒಂದೊಂದು ಸೇರಿ ಅದು 86.